ವೈಫೈ ಸ್ಪೀಕರ್ ಹಾಡಿನ ಮಧ್ಯ ನಿಂತೋಗತ್ತಾ? ಪ್ಲ್ಯಾನ್ ಅಪ್‌ಗ್ರೇಡ್ ಮಾಡ್ಸೋಕ್ಕೆ ಮುಂಚೆ ಇದನ್ನ ಓದಿ

ಕೇಳೋರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. "ಅಣ್ಣಾ, 200 ಎಂಬಿಪಿಎಸ್ ಹಾಕ್ಸಿದೀನಿ, ಮೊಬೈಲಲ್ಲಿ ಯೂಟ್ಯೂಬ್ ಸಲೀಸಾಗಿ ಓಡತ್ತೆ, ಅಡುಗೆಮನೇಲಿ ಇಟ್ಟಿರೋ ಸ್ಪೀಕರ್ ಮಾತ್ರ ಹಾಡು ಅರ್ಧಕ್ಕೆ ನಿಲ್ಸತ್ತೆ, 300ರ ಪ್ಲ್ಯಾನ್‌ಗೆ ಹೋಗ್ಲಾ?" ಬೇಡ. ದುಡ್ಡು ಉಳಿಸ್ಕೊಳ್ಳಿ.

ಲೆಕ್ಕ ನೋಡಿ. ಸ್ಪಾಟಿಫೈ ಥರದ ಆ್ಯಪ್‌ನಲ್ಲಿ ಒಳ್ಳೆ ಕ್ವಾಲಿಟಿ ಇಟ್ರೆ ಸೆಕೆಂಡಿಗೆ 320 ಕಿಲೋಬಿಟ್ ಸಾಕು. ಸಿಡಿ ಕ್ವಾಲಿಟಿ ಹಾಡನ್ನ ಒಂಚೂರೂ ಕುಗ್ಗಿಸದೆ ಕಳ್ಸಿದ್ರೂ 1411 ಕಿಲೋಬಿಟ್, ಅಂದ್ರೆ ಹೆಚ್ಚುಕಮ್ಮಿ ಒಂದೂವರೆ ಎಂಬಿಪಿಎಸ್ ಒಳಗೇ. ನಾಲ್ಕು ರೂಮಲ್ಲಿ ನಾಲ್ಕು ಸ್ಪೀಕರ್ ಬೇರೆ ಬೇರೆ ಹಾಡು ಹಾಕಿದ್ರೂ 6 ಎಂಬಿಪಿಎಸ್ ದಾಟಲ್ಲ. ಸ್ಪೀಕರ್‌ಗೆ ಬೇಕಾಗಿರೋದು ಸ್ಪೀಡ್ ಅಲ್ಲ, ಬಿಡದೆ ಬರೋ ಸಿಗ್ನಲ್ಲು. ನಲ್ಲಿಯಿಂದ ನೀರು ಸಣ್ಣಗೆ ಬಂದ್ರೂ ಪರವಾಗಿಲ್ಲ, ಮಧ್ಯ ಮಧ್ಯ ನಿಲ್ಬಾರ್ದು, ಅಷ್ಟೆ. ನಿಲ್ತಿರೋದು ಬಹಳಷ್ಟು ಸಲ ಹೊರಗಿನ ಲೈನಲ್ಲಲ್ಲ, ನಿಮ್ಮ ರೂಟರ್‌ಗೂ ಸ್ಪೀಕರ್‌ಗೂ ನಡುವಿನ ಇಪ್ಪತ್ತು ಅಡಿ ಗಾಳೀಲಿ.

ಮೊಬೈಲ್‌ಗೆ ಯಾಕೆ ತೊಂದ್ರೆ ಇಲ್ಲ ಅಂದ್ರೆ, ವಿಡಿಯೋ ಆ್ಯಪ್ ಮುಂದಿನ ಎಷ್ಟೋ ಸೆಕೆಂಡಿಂದು ಮೊದ್ಲೇ ಇಳಿಸಿ ಇಟ್ಕೊಂಡಿರತ್ತೆ, ಮಧ್ಯ ಎರಡು ಸೆಕೆಂಡ್ ನೆಟ್ ಹೋದ್ರೂ ನಿಮಗೆ ಗೊತ್ತೇ ಆಗಲ್ಲ, ಇದಕ್ಕೆ ಬಫರ್ ಅಂತಾರೆ. ಒಂಟಿ ಸ್ಪೀಕರ್‌ಗೂ ಸ್ವಲ್ಪ ಬಫರ್ ಇರತ್ತೆ. ಆದ್ರೆ ಎರಡು ಮೂರು ಸ್ಪೀಕರ್ ಗ್ರೂಪ್ ಮಾಡಿ ಒಂದೇ ಹಾಡು ಹಾಕಿದ್ರೆ ಎಲ್ಲಾ ಒಂದೇ ತಾಳಕ್ಕೆ ಹೋಗ್ಬೇಕು, ಅಲ್ಲಿ ತಡ ಆಗೋಕ್ಕೆ ಜಾಗ ಕಮ್ಮಿ. ಟಿವಿ ಸೌಂಡನ್ನ ವೈಫೈ ಸ್ಪೀಕರ್‌ಗೆ ಕಳಿಸ್ತಿದ್ರಂತೂ ಇನ್ನೂ ಕಮ್ಮಿ, ತುಟಿಗೂ ಮಾತಿಗೂ ಹೊಂದ್ಬೇಕಲ್ಲ.

ಬೇಕಾಗೋ ಸಾಮಾನು: ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ (ವೈಫೈ ಪಾಸ್‌ವರ್ಡ್ ಅಲ್ಲ, ಸಾಮಾನ್ಯವಾಗಿ ಡಬ್ಬದ ಹಿಂದೆ ಅಥವಾ ಅಡಿ ಸ್ಟಿಕ್ಕರ್‌ನಲ್ಲಿರತ್ತೆ), ಒಂದು ಲ್ಯಾಪ್‌ಟಾಪ್, ಒಂದು ಫೋನು, ಒಂದು ಭಾನುವಾರ ಮಧ್ಯಾಹ್ನ. ಮನೇಲಿ ಯಾರೂ ಮೀಟಿಂಗಲ್ಲಿ ಇಲ್ಲ ಅಂತ ನೋಡ್ಕೊಳ್ಳಿ, ಆಮೇಲೆ ಬೈಸ್ಕೋಬೇಡಿ.

1. ಮೊದ್ಲು ಕಾಯಿಲೆ ಯಾವ್ದು ಅಂತ ಗೊತ್ತು ಮಾಡ್ಕೊಳ್ಳಿ

"ಸ್ಪೀಕರ್ ಸರಿ ಇಲ್ಲ" ಅನ್ನೋದು "ಮೈ ಸರಿ ಇಲ್ಲ" ಅಂದ ಹಾಗೆ. ಸರಿಯಾಗಿ ಗಮನಿಸಿದ್ರೆ ಮೂರು ಥರ ಇರತ್ತೆ. ಒಂದು, ಹಾಡು ಓಡ್ತಾ ಓಡ್ತಾ ಕಟ್ ಆಗೋದು: ಇದು ಸಿಗ್ನಲ್ ಅಥವಾ ಚಾನೆಲ್ ಸಮಸ್ಯೆ, 2ರಿಂದ 4ನೇ ಹಂತ ನೋಡಿ. ಎರಡು, ಆ್ಯಪ್‌ನಲ್ಲಿ ಸ್ಪೀಕರ್ ಕಾಣಿಸ್ದೇ ಇರೋದು, ಕೆಲವು ಸಲ ಕಾಣತ್ತೆ ಕೆಲವು ಸಲ ಇಲ್ಲ: ಇದಕ್ಕೂ ಸಿಗ್ನಲ್‌ಗೂ ಬಹಳಷ್ಟು ಸಲ ಸಂಬಂಧಾನೇ ಇರಲ್ಲ, ಸೀದಾ 5 ಮತ್ತು 6ಕ್ಕೆ ಹೋಗಿ. ಮೂರು, ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ತೊಂದ್ರೆ: 7 ಮತ್ತು 10.

ಇನ್ನೊಂದು ವಿಷ್ಯ ತಿಳ್ಕೊಂಡಿದ್ರೆ ಅರ್ಧ ಗೊಂದಲ ಹೋಗತ್ತೆ. ಕ್ರೋಮ್‌ಕಾಸ್ಟ್ ಅಥವಾ ಸ್ಪಾಟಿಫೈ ಕನೆಕ್ಟ್‌ನಲ್ಲಿ ಫೋನು ಬರೀ ರಿಮೋಟು, ಹಾಡನ್ನ ಸ್ಪೀಕರ್ ತಾನೇ ಇಂಟರ್‌ನೆಟ್ಟಿಂದ ಎಳ್ಕೊಳ್ಳತ್ತೆ, ನೀವು ಫೋನ್ ಹಿಡ್ಕೊಂಡು ಅಂಗಡಿಗೆ ಹೋದ್ರೂ ಹಾಡು ನಿಲ್ಲಲ್ಲ. ಐಫೋನಿಂದ ಏರ್‌ಪ್ಲೇ ಮಾಡಿದ್ರೆ ಸಾಮಾನ್ಯವಾಗಿ ಹಾಡು ಫೋನಿನ ಮೂಲಕಾನೇ ಹೋಗತ್ತೆ, ಆಗ ಫೋನಿನ ಸಿಗ್ನಲ್ಲೂ ಚೆನ್ನಾಗಿರ್ಬೇಕು. ಹಾಗಾಗಿ "ಕಾಸ್ಟ್ ಮಾಡಿದ್ರೆ ಸರಿ, ಏರ್‌ಪ್ಲೇ ಮಾಡಿದ್ರೆ ಕಟ್" ಅಂತ ಆದ್ರೆ ಮೊದ್ಲು ನೀವು ಕೂತಿರೋ ಜಾಗದ ಸಿಗ್ನಲ್ ನೋಡಿ. ಬ್ಲೂಟೂತ್ ವಿಚಾರ ಬೇರೆ, ಅದಕ್ಕೂ ನಿಮ್ಮ ರೂಟರ್‌ಗೂ ಸಂಬಂಧ ಇಲ್ಲ, ಇಲ್ಲಿ ಅದನ್ನ ಮುಟ್ಟಲ್ಲ.

2. ರೂಟರ್‌ನ ಟಿವಿ ಹಿಂದಿಂದ ಈಚೆಗೆ ತನ್ನಿ

ಫೈಬರ್ ಹಾಕೋಕ್ಕೆ ಬಂದ ಹುಡುಗ್ರು ಡಬ್ಬಾನ ಎಲ್ಲಿ ಇಡ್ತಾರೆ? ವೈರ್ ಎಲ್ಲಿ ಒಳಗೆ ಬರತ್ತೋ ಅಲ್ಲಿ. ಬಾಗಿಲ ಪಕ್ಕ, ಇಲ್ಲಾ ಶೋಕೇಸ್ ಒಳಗೆ ಟಿವಿ ಹಿಂದೆ, ಅಲ್ಲಿ ಸೆಟ್‌ಟಾಪ್ ಬಾಕ್ಸು, ಸ್ಟೆಬಿಲೈಸರು, ಸಿಕ್ಕು ಬಿದ್ದ ವೈರು, ಧೂಳು, ಎಲ್ಲಾದ್ರ ನಡುವೆ ಅದು ಉಸಿರಾಡ್ಬೇಕು. ಟಿವಿ ಹಿಂಭಾಗದಲ್ಲಿ ಲೋಹ ಇರತ್ತೆ, ಆ ದಿಕ್ಕಿಗೆ ಸಿಗ್ನಲ್ ಹೋಗೋದೇ ಕಷ್ಟ.

ನಮ್ಮ ಮನೆಗಳಲ್ಲಿ ಸಿಗ್ನಲ್ ತಿನ್ನೋ ವಸ್ತು ಯಾವ್ಯಾವ್ದು ಅಂದ್ರೆ: ಆರ್‌ಸಿಸಿ ಸ್ಲ್ಯಾಬು (ಒಳಗೆ ಕಬ್ಬಿಣದ ಜಾಲರಿ ಇದೆ), ಸಾಲಿಡ್ ಬ್ಲಾಕ್ ಗೋಡೆ, ಕರಾವಳಿ ಕಡೆ ಕೆಂಪುಕಲ್ಲಿನ ಗೋಡೆ, ಹಳೇ ಮನೆಯ ಮೊಳ ದಪ್ಪದ ಮಣ್ಣಿನ ಗೋಡೆ, ಕಬ್ಬಿಣದ ಬೀರು, ಫ್ರಿಜ್ಜು, ದೊಡ್ಡ ಕನ್ನಡಿ, ನೀರು ತುಂಬಿದ ಡ್ರಮ್ಮು, ಮೀನಿನ ತೊಟ್ಟಿ. ನಮ್ಮನೇಲೇ ಒಂದು ರೂಮಿನ ಸ್ಪೀಕರ್ ಎರಡು ತಿಂಗಳು ಕಾಡಿಸ್ತು, ರೂಟರ್ ಇದ್ದಿದ್ದು ಗೋಡೆಯ ಆ ಕಡೆ ಎಂಟೇ ಅಡಿ ದೂರ, ಆದ್ರೆ ಮಧ್ಯ ನಿಂತಿದ್ದು ಅಮ್ಮನ ಮದುವೆ ಕಾಲದ ಕನ್ನಡಿ ಬೀರು, ಒಳಗೆ ಸೀರೆ, ಹೊರಗೆ ಕಬ್ಬಿಣ ಮತ್ತೆ ಕನ್ನಡಿ. ಬೀರು ಜರುಗಿಸೋಕ್ಕೆ ಅಮ್ಮ ಒಪ್ಲಿಲ್ಲ, ಸ್ಪೀಕರ್‌ನ ನಾಲ್ಕಡಿ ಪಕ್ಕಕ್ಕೆ ಇಟ್ಟೆ, ಅಷ್ಟಕ್ಕೇ ಸರಿಹೋಯ್ತು.

ಮಾಡ್ಬೇಕಾಗಿದ್ದು ಇಷ್ಟು. ರೂಟರ್ ಮನೆ ಮಧ್ಯಕ್ಕೆ ಹತ್ರ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿರ್ಲಿ. ಆ್ಯಂಟೆನಾ ನೆಟ್ಟಗೆ ನಿಲ್ಲಿಸಿದ್ರೆ ಸಿಗ್ನಲ್ ಸುತ್ತಲೂ ಉದ್ದಿನ ವಡೆ ಆಕಾರದಲ್ಲಿ ಹರಡತ್ತೆ, ಆ್ಯಂಟೆನಾ ವಡೆಯ ತೂತಲ್ಲಿರತ್ತೆ, ಅಂದ್ರೆ ನೇರ ಮೇಲಕ್ಕೂ ಕೆಳಕ್ಕೂ ಕಮ್ಮಿ. ಮಹಡಿ ಮೇಲೂ ಸ್ಪೀಕರ್ ಇದ್ರೆ ಒಂದು ಆ್ಯಂಟೆನಾನ ಅಡ್ಡ ಮಲಗಿಸಿ. ರೂಟರ್‌ನ ಯುಎಸ್‌ಬಿಗೆ ಹಾರ್ಡ್‌ಡಿಸ್ಕ್ ಚುಚ್ಚಿದ್ರೆ ತೆಗೆದು ನೋಡಿ, ಯುಎಸ್‌ಬಿ 3.0 ಸಾಮಾನು ವೈಫೈ ಓಡೋ 2.4 ಗಿಗಾಹರ್ಟ್ಸ್‌ನಲ್ಲಿ ಗಲಾಟೆ ಎಬ್ಬಿಸತ್ತೆ.

ಎಚ್ಚರಿಕೆ: ಫೈಬರ್ ವೈರ್ ಅಂದ್ರೆ ಒಳಗೆ ಕೂದಲೆಳೆ ಗಾಜು. ಡಬ್ಬ ಜರುಗಿಸೋಕ್ಕೆ ಅದನ್ನ ಎಳೀಬೇಡಿ, ಮೂಲೇಲಿ ಮಡಚ್ಬೇಡಿ, ಮೊಳೆ ಹೊಡೀಬೇಡಿ. ಸುಲಭದ ದಾರಿ ಅಂದ್ರೆ ಫೈಬರ್ ಡಬ್ಬ ಇದ್ದಲ್ಲೇ ಇರ್ಲಿ, ಅಲ್ಲಿಂದ ಲ್ಯಾನ್ ಕೇಬಲ್ ಎಳೆದು ಮನೆ ಮಧ್ಯಕ್ಕೆ ಬೇರೆ ರೂಟರ್ ಇಡಿ. ಹಾಗೆ ಮಾಡೋದಾದ್ರೆ 5ನೇ ಹಂತ ಓದ್ದೇ ಮಾಡ್ಬೇಡಿ.

3. ಅಳೀರಿ, ಅಂದಾಜಲ್ಲಿ ಹೇಳ್ಬೇಡಿ

ಫೋನಲ್ಲಿ ವೈಫೈ ಕಡ್ಡಿ ಮೂರು ಇದೆ ಅಂದ್ರೆ ಏನೂ ಅರ್ಥ ಇಲ್ಲ. ಆ್ಯಂಡ್ರಾಯ್ಡ್‌ನಲ್ಲಿ ವೈಫೈ ಅನಲೈಸರ್ ಅಂತ ಹುಡುಕಿ ಯಾವ್ದಾದ್ರೂ ಒಂದು ಹಾಕ್ಕೊಳ್ಳಿ, ಐಫೋನಾದ್ರೆ ಆ್ಯಪಲ್‌ದೇ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡ್ಬೇಕು. ಫೋನನ್ನ ಸರಿಯಾಗಿ ಸ್ಪೀಕರ್ ಪಕ್ಕ ಇಟ್ಟು ಡಿಬಿಎಂ ಅನ್ನೋ ಲೆಕ್ಕ ನೋಡಿ. ಇದು ಸಿಗ್ನಲ್ ಬಲದ ಅಳತೆ, ಮೈನಸ್‌ನಲ್ಲಿರತ್ತೆ, ಸೊನ್ನೆಗೆ ಹತ್ರ ಆದಷ್ಟೂ ಒಳ್ಳೇದು. ಮೈನಸ್ 50 ಅಂದ್ರೆ ಭರ್ಜರಿ, ಮೈನಸ್ 67 ತನಕ ನೆಮ್ಮದಿ, ಮೈನಸ್ 75 ಅಂದ್ರೆ ಇವತ್ತು ಓಡತ್ತೆ ನಾಳೆ ಇಲ್ಲ, 80 ದಾಟಿದ್ರೆ ಆ ಜಾಗದಲ್ಲಿ ಸ್ಪೀಕರ್ ಇಡೋ ಆಸೆ ಬಿಡಿ ಅಥವಾ 8ನೇ ಹಂತಕ್ಕೆ ಬನ್ನಿ.

ಸಿಗ್ನಲ್ ಚೆನ್ನಾಗಿದ್ರೂ ಕಟ್ ಆಗ್ಬೋದು, ಅದಕ್ಕೆ ಪಿಂಗ್ ಟೆಸ್ಟ್ ಮಾಡಿ. ಪಿಂಗ್ ಅಂದ್ರೆ "ಇದೀಯಾ?" ಅಂತ ಕೂಗಿ "ಇದೀನಿ" ಅಂತ ಉತ್ತರ ಬರೋಕ್ಕೆ ಎಷ್ಟು ಹೊತ್ತಾಯ್ತು ಅಂತ ನೋಡೋದು. ಲ್ಯಾಪ್‌ಟಾಪ್ ತಗೊಂಡು ಸ್ಪೀಕರ್ ಇರೋ ಜಾಗದಲ್ಲೇ ಕೂತ್ಕೊಳ್ಳಿ, ಅಡುಗೆಮನೆ ಕಟ್ಟೆ ಆದ್ರೆ ಅಲ್ಲೇ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಪಿಂಗ್ ಅಂತ ಇಂಗ್ಲಿಷಲ್ಲಿ ಬರೆದು ಸ್ಪೇಸ್ ಬಿಟ್ಟು ರೂಟರ್ ವಿಳಾಸ (ಬಹಳಷ್ಟು ಕಡೆ 192.168.1.1, ಜಿಯೋ ಫೈಬರ್ ಆದ್ರೆ ಸಾಮಾನ್ಯವಾಗಿ 192.168.29.1), ಮತ್ತೆ ಸ್ಪೇಸ್, ಮೈನಸ್ ಟಿ (ping 192.168.1.1 -t, ಹೀಗೆ). ಎಂಟರ್ ಒತ್ತಿ ಹತ್ತು ನಿಮಿಷ ಓಡಕ್ಕೆ ಬಿಡಿ.

ಆರೋಗ್ಯವಾಗಿರೋ ಮನೇಲಿ ಹೀಗೆ ಬರತ್ತೆ: 3, 4, 3, 6, 4, 3, 9, 4, ಎಲ್ಲಾ ಮಿಲಿಸೆಕೆಂಡು. ಕಾಯಿಲೆ ಇರೋ ಮನೇಲಿ ಹೀಗೆ: 4, 3, 188, 5, 4, 640, ಆಮೇಲೆ ಎರಡು ಸಲ ರಿಕ್ವೆಸ್ಟ್ ಟೈಮ್ಡ್ ಔಟ್, ಮತ್ತೆ 4. ಸರಾಸರಿ ನೋಡಿದ್ರೆ ಎರಡೂ ಚೆನ್ನಾಗೇ ಕಾಣ್ಬೋದು, ಸ್ಪೀಡ್‌ಟೆಸ್ಟ್‌ನಲ್ಲಂತೂ ಗೊತ್ತೇ ಆಗಲ್ಲ. ಹಾಡು ಸಾಯೋದು ಆ 640ರಲ್ಲಿ.

ಈಗ ಅದೇ ಪಿಂಗನ್ನ 8.8.8.8ಗೆ ಮಾಡಿ, ಇದು ಗೂಗಲ್‌ದು, ಮನೆ ಹೊರಗಿದೆ. ರೂಟರ್‌ಗೆ ಪಿಂಗ್ ನೀಟಾಗಿದ್ದು ಇದು ಮಾತ್ರ ಎಗರಾಡಿದ್ರೆ ತಪ್ಪು ನಿಮ್ಮದಲ್ಲ, ಲೈನಿಂದು, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ರೂಟರ್‌ಗೇ ಎಗರಾಡಿದ್ರೆ ಮುಂದೆ ಓದಿ. ಒಂದು ತಪ್ಪು ತುಂಬ ಜನ ಮಾಡ್ತಾರೆ, ನೇರ ಸ್ಪೀಕರ್‌ಗೇ ಪಿಂಗ್ ಮಾಡಿ 100, 200 ಬಂತು ಅಂತ ಗಾಬರಿ ಆಗೋದು. ಹಾಡು ಓಡದೆ ಇದ್ದಾಗ ಸ್ಪೀಕರ್ ಕರೆಂಟ್ ಉಳಿಸೋಕ್ಕೆ ತೂಕಡಿಸ್ತಿರತ್ತೆ, ಉತ್ತರ ತಡ ಆಗತ್ತೆ, ಅದು ರೋಗ ಅಲ್ಲ.

4. ಚಾನೆಲ್ ಸರಿ ಮಾಡಿ

ವೈಫೈ ಅನ್ನೋದು ಪಂಚಾಯ್ತಿ ಕಟ್ಟೆ ಇದ್ದ ಹಾಗೆ, ಒಂದು ಚಾನೆಲ್‌ನಲ್ಲಿ ಒಬ್ಬರು ಮಾತಾಡೋವಾಗ ಮಿಕ್ಕವರು ಸುಮ್ನಿರ್ಬೇಕು. ಅಪಾರ್ಟ್‌ಮೆಂಟಲ್ಲಿ ನೀವಿದ್ರೆ ಕಟ್ಟೆ ಮೇಲೆ ಮೂವತ್ತು ಮನೆಯವ್ರು ಕೂತಿರ್ತಾರೆ. ಇನ್ನೊಂದು, ದೂರದಲ್ಲಿ ಸಿಗ್ನಲ್ ಕಮ್ಮಿ ಇರೋ ಸಾಮಾನು ನಿಧಾನಕ್ಕೆ ಮಾತಾಡತ್ತೆ, ಹಾಗಾಗಿ ಗೇಟ್ ಹತ್ರ ಇರೋ ಒಂದು ಬಡಪಾಯಿ ಕ್ಯಾಮೆರಾ ಇಡೀ ಮನೆಯವ್ರ ಸಮಯ ತಿನ್ಬೋದು.

ಬ್ಯಾಂಡ್ (ಅಂದ್ರೆ ವೈಫೈ ಓಡೋ ಅಲೆಗಳ ಪಟ್ಟಿ) ಸಾಮಾನ್ಯವಾಗಿ ಎರಡು. 2.4 ಗಿಗಾಹರ್ಟ್ಸ್ ದೂರ ಹೋಗತ್ತೆ, ಗೋಡೆ ದಾಟತ್ತೆ, ಆದ್ರೆ ಅಲ್ಲಿ ಜನಸಂದಣಿ: ಅಕ್ಕಪಕ್ಕದ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ (ಅದು ಕೆಲಸ ಮಾಡೋದೇ 2.45ರ ಹತ್ರ, ಅದಕ್ಕೇ ಅನ್ನ ಬಿಸಿ ಮಾಡೋವಾಗ ಸರಿಯಾಗಿ ಹಾಡು ಕಟ್ ಆಗೋದು). 5 ಗಿಗಾಹರ್ಟ್ಸ್ ದೂರ ಹೋಗಲ್ಲ, ಆದ್ರೆ ಜಾಗ ಜಾಸ್ತಿ, ನಮ್ಮ ದೇಶದಲ್ಲಿ 2018ರಲ್ಲಿ ಇನ್ನಷ್ಟು ತೆರೆದುಕೊಟ್ರು. ನನ್ನ ಅಭಿಪ್ರಾಯ: ರೂಟರ್ ಇರೋ ರೂಮು ಮತ್ತೆ ಒಂದು ಗೋಡೆ ಆಚೆ ತನಕ 5, ಅದಕ್ಕಿಂತ ಆಚೆ 2.4.

ಲ್ಯಾಪ್‌ಟಾಪ್ ಬ್ರೌಸರಲ್ಲಿ ರೂಟರ್ ವಿಳಾಸ (3ನೇ ಹಂತದಲ್ಲಿ ಪಿಂಗ್ ಮಾಡಿದ್ದೇ) ಹಾಕಿ, ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ವೈಫೈ ಸೆಟ್ಟಿಂಗ್ಸ್‌ನಲ್ಲಿ 2.4ಕ್ಕೆ ಎರಡು ಬದಲಾವಣೆ ಮಾಡಿ. ಚಾನೆಲ್ ಆಟೋ ಅಂತ ಇದ್ರೆ ತೆಗೆದು 1, 6, 11 ಈ ಮೂರರಲ್ಲಿ ಅನಲೈಸರ್‌ನಲ್ಲಿ ಖಾಲಿ ಕಾಣೋದನ್ನ ಹಾಕಿ. ಈ ಮೂರು ಮಾತ್ರ ಒಂದರ ಮೇಲೊಂದು ಬೀಳಲ್ಲ. "3 ಖಾಲಿ ಇದೆ, ಅದನ್ನೇ ಹಾಕ್ತೀನಿ" ಅಂದ್ರೆ 1ರವರ ಗಲಾಟೆನೂ 6ರವರ ಗಲಾಟೆನೂ ಎರಡೂ ನಿಮ್ಮ ತಲೆ ಮೇಲೆ. ಆಮೇಲೆ ಚಾನೆಲ್ ಅಗಲ 40 ಇದ್ರೆ 20 ಮಾಡಿ. ಸ್ಪೀಡ್‌ಟೆಸ್ಟ್‌ನಲ್ಲಿ ನಂಬರ್ ಇಳಿಯತ್ತೆ, ಇಳೀಲಿ ಬಿಡಿ, ಹಾಡಿಗೆ ಬೇಕಾಗಿರೋದು ಒಂದೂವರೆ.

5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 36ರಿಂದ 48, ಇಲ್ಲಾ 149ರಿಂದ 161 ಒಳಗೆ ಇಡಿ. ಮಧ್ಯದ 52ರಿಂದ 144 ಡಿಎಫ್‌ಎಸ್ ಚಾನೆಲ್ಲು. ಆ ಜಾಗದಲ್ಲಿ ರಾಡಾರ್‌ಗಳೂ ಇವೆ, ರೂಟರ್‌ಗೆ ರಾಡಾರ್ ಸದ್ದು ಕೇಳಿಸಿದ್ರೆ ಅಥವಾ ಕೇಳಿಸ್ತು ಅಂತ ಅನ್ನಿಸಿದ್ರೂ ತಕ್ಷಣ ಜಾಗ ಖಾಲಿ ಮಾಡ್ಬೇಕು ಅನ್ನೋದು ನಿಯಮ, ಆಗ ಸ್ಪೀಕರ್‌ಗಳೆಲ್ಲಾ ಒಟ್ಟಿಗೆ ಉದುರತ್ತೆ. ಕೆಲವು ಸ್ಪೀಕರ್‌ಗಳಿಗೆ ಈ ಚಾನೆಲ್ ಕಾಣೋದೂ ಇಲ್ಲ. "ವಾರಕ್ಕೆ ಒಂದು ಸಲ ಕಾರಣಾನೇ ಇಲ್ದೆ ಎಲ್ಲಾ ಹೋಗತ್ತೆ" ಅನ್ನೋರು ಮೊದ್ಲು ಇದನ್ನ ನೋಡಿ.

ಇದೇ ಪೇಜಲ್ಲಿ ಸೆಕ್ಯುರಿಟಿ ಡಬ್ಲ್ಯುಪಿಎ3 ಮಾತ್ರ ಅಂತಿದ್ರೆ ಡಬ್ಲ್ಯುಪಿಎ2 ಅಥವಾ ಎರಡೂ ಸೇರಿರೋದನ್ನ ಹಾಕಿ, ಹಳೇ ಸ್ಪೀಕರ್‌ಗಳು 3ಕ್ಕೆ ಸೇರಲ್ಲ. ಪಾಸ್‌ವರ್ಡೇ ಇಲ್ದೆ ಓಪನ್ ಬಿಡೋ ಬುದ್ಧಿವಂತಿಕೆ ಮಾತ್ರ ಬೇಡ.

5. ಮನೇಲಿ ಒಂದೇ ರೂಟರ್ ಯಜಮಾನಿಕೆ ಮಾಡ್ಲಿ

ನನ್ನ ಹತ್ರ ಬರೋ "ಸ್ಪೀಕರ್ ಕಾಣಿಸ್ತಿಲ್ಲ" ಕೇಸುಗಳಲ್ಲಿ ಇದೇ ಜಾಸ್ತಿ, ಅದಕ್ಕೆ ಸ್ವಲ್ಪ ನಿಧಾನಕ್ಕೆ ಓದಿ.

ಫೈಬರ್ ಕಂಪನಿಯವ್ರು ಕೊಡೋ ಡಬ್ಬಕ್ಕೆ ಓಎನ್‌ಟಿ ಅಂತಾರೆ, ಬೆಳಕಿನ ಸಿಗ್ನಲ್ಲನ್ನ ನೆಟ್ ಆಗಿ ಬದಲಾಯಿಸೋದು ಅದರ ಕೆಲಸ, ಆದ್ರೆ ಈಗೀಗ ಅದರೊಳಗೇ ಒಂದು ಪೂರ್ತಿ ರೂಟರೂ ವೈಫೈಯೂ ಇರತ್ತೆ. ಸಿಗ್ನಲ್ ಸಾಲಲ್ಲ ಅಂತ ನೀವು ಅಂಗಡಿಯಿಂದ ಇನ್ನೊಂದು ರೂಟರ್ ತಂದು ಅದಕ್ಕೆ ಚುಚ್ತೀರಿ. ಈಗ ಮನೇಲಿ ಇಬ್ಬರು ಯಜಮಾನರು. ಮೊದಲನೇದು 192.168.1 ಅಂತ ಒಂದು ಬೀದಿ ಮಾಡಿದೆ, ಎರಡನೇದು 192.168.0 ಅಂತ ಬೇರೆ ಬೀದಿ. ಫೋನು ಹಳೇ ವೈಫೈನಲ್ಲಿದೆ, ಸ್ಪೀಕರ್ ಹೊಸದರಲ್ಲಿ. ಇಬ್ಬರಿಗೂ ಇಂಟರ್‌ನೆಟ್ ಬರತ್ತೆ, ಒಬ್ಬರಿಗೊಬ್ಬರು ಮಾತ್ರ ಕಾಣಲ್ಲ. ಇದಕ್ಕೆ ಡಬಲ್ ನ್ಯಾಟ್ ಅಂತ ಹೆಸ್ರು.

ಪತ್ತೆ ಮಾಡೋದು ಸುಲಭ. ಫೋನಿನ ವೈಫೈ ಡೀಟೇಲ್ಸ್‌ನಲ್ಲಿ ಐಪಿ ವಿಳಾಸ ನೋಡಿ, ಸ್ಪೀಕರ್ ಆ್ಯಪ್‌ನಲ್ಲಿ ಅಬೌಟ್ ಒಳಗೆ ಸ್ಪೀಕರ್‌ದು ನೋಡಿ. ಚುಕ್ಕಿಗಳ ನಡುವಿನ ಮೊದಲ ಮೂರು ಭಾಗ ಎರಡಕ್ಕೂ ಒಂದೇ ಇರ್ಬೇಕು. ಇಲ್ಲ ಅಂದ್ರೆ ಸಿಕ್ಕಿಬಿತ್ತು.

ಔಷಧಿ ಎರಡು. ಸುಲಭದ್ದು, ನೀವು ತಂದ ರೂಟರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಆಪರೇಷನ್ ಮೋಡ್‌ನಲ್ಲಿ ಆಕ್ಸೆಸ್ ಪಾಯಿಂಟ್ ಅಂತ ಬದಲಾಯಿಸಿ. ಆಗ ಅದು ವಿಳಾಸ ಹಂಚೋ ಅಧಿಕಾರ ಬಿಟ್ಟು ಬರೀ ವೈಫೈ ಕೊಡೋ ಕೆಲಸ ಮಾಡತ್ತೆ. ಎರಡೂ ಡಬ್ಬಕ್ಕೆ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ, ಚಾನೆಲ್ ಮಾತ್ರ ಬೇರೆ ಬೇರೆ, ಒಂದಕ್ಕೆ 1 ಇನ್ನೊಂದಕ್ಕೆ 11. ಎರಡನೇ ಔಷಧಿ, ಕಂಪನಿ ಡಬ್ಬಾನ ಬ್ರಿಡ್ಜ್ ಮೋಡ್‌ಗೆ ಹಾಕ್ಸಿ ನಿಮ್ಮ ರೂಟರ್‌ನೇ ಯಜಮಾನ ಮಾಡೋದು. ಇದಕ್ಕೆ ಬಹಳಷ್ಟು ಸಲ ಕಸ್ಟಮರ್ ಕೇರ್‌ಗೇ ಹೇಳ್ಬೇಕು, ನಿಮ್ಮ ಕನೆಕ್ಷನ್‌ಗೆ ಯೂಸರ್‌ನೇಮ್ ಪಾಸ್‌ವರ್ಡ್ ಇದ್ರೆ ಅದನ್ನ ಮೊದ್ಲೇ ಕೇಳಿ ಬರ್ಕೊಳ್ಳಿ, ಇಲ್ಲಾಂದ್ರೆ ಬ್ರಿಡ್ಜ್ ಆದ ಮರುಕ್ಷಣ ನೆಟ್ಟೂ ಇಲ್ಲ, ಸಹಾಯ ಕೇಳೋಕ್ಕೆ ದಾರಿನೂ ಇಲ್ಲ. ಡಬ್ಬಕ್ಕೆ ಲ್ಯಾಂಡ್‌ಲೈನ್ ಫೋನೋ ಟಿವಿ ಬಾಕ್ಸೋ ಸೇರಿದ್ರೆ ಅದು ನಿಲ್ಲುತ್ತಾ ಅಂತಾನೂ ಕೇಳಿ. ಗೊತ್ತಿಲ್ದೇ ಇರೋರು ಮೊದಲನೇ ಔಷಧಿಯಲ್ಲೇ ಇರಿ.

6. ಸ್ಪೀಕರ್ ಕೂಗಿದ್ದು ಫೋನಿಗೆ ಕೇಳಿಸ್ಬೇಕು

ಸ್ಪೀಕರ್ ಆ್ಯಪ್ ತೆಗೆದಾಗ ಫೋನು ಮನೆ ನೆಟ್‌ವರ್ಕಲ್ಲಿ "ಯಾರ್ಯಾರಿದೀರಪ್ಪಾ?" ಅಂತ ಎಲ್ಲರಿಗೂ ಒಟ್ಟಿಗೆ ಕೂಗತ್ತೆ. ಈ ಥರ ಗುಂಪಿಗೆ ಕೂಗೋದಕ್ಕೆ ಮಲ್ಟಿಕಾಸ್ಟ್ ಅಂತಾರೆ. ರೂಟರ್ ಈ ಕೂಗನ್ನ ತಡೆದ್ರೆ ಸ್ಪೀಕರ್ ಪಕ್ಕದಲ್ಲೇ ಇದ್ರೂ ಕಾಣಲ್ಲ. ತಡೆಯೋ ಕಳ್ಳರು ಇಷ್ಟು ಜನ.

ಗೆಸ್ಟ್ ವೈಫೈ: ಅಲ್ಲಿ ಸ್ಪೀಕರ್ ಹಾಕ್ಬೇಡಿ, ಒಬ್ಬರನ್ನೊಬ್ಬರು ನೋಡ್ಬಾರ್ದು ಅಂತಾನೇ ಅದನ್ನ ಮಾಡಿರೋದು. ಎಪಿ ಐಸೊಲೇಷನ್ ಅಥವಾ ಕ್ಲೈಂಟ್ ಐಸೊಲೇಷನ್ ಅನ್ನೋ ಟಿಕ್ಕು: ತೆಗೀರಿ. ಐಜಿಎಂಪಿ ಸ್ನೂಪಿಂಗ್: ಗುಂಪಿನ ಕೂಗನ್ನ ಬೇಕಾದವ್ರಿಗೆ ಮಾತ್ರ ಕೊಡೋ ಜಾಣತನ ಇದು, ಕೆಲವು ರೂಟರಲ್ಲಿ ಇದ್ರೆ ಒಳ್ಳೇದು, ಕೆಲವು ರೂಟರಲ್ಲಿ ಇದೇ ಹಾಳು ಮಾಡತ್ತೆ, ಹಾಗಾಗಿ ಈಗ ಹೇಗಿದೆಯೋ ಅದರ ಉಲ್ಟಾ ಮಾಡಿ ಒಂದು ದಿನ ನೋಡಿ. ಫೋನಲ್ಲಿ ವಿಪಿಎನ್ ಆನ್ ಇದ್ರೆ ಆಫ್ ಮಾಡಿ, ಆಫೀಸ್ ಫೋನ್‌ಗಳಲ್ಲಿ ಇದು ಸಾಮಾನ್ಯ. ಐಫೋನಲ್ಲಿ ಐಓಎಸ್ 14ರಿಂದ ಪ್ರತಿ ಆ್ಯಪ್‌ಗೂ ಲೋಕಲ್ ನೆಟ್‌ವರ್ಕ್ ಪರ್ಮಿಷನ್ ಅಂತ ಕೇಳತ್ತೆ, ಯಾವತ್ತೋ ಅವಸರದಲ್ಲಿ ಬೇಡ ಅಂತ ಒತ್ತಿರ್ತೀರಿ, ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಒಳಗೆ ಹೋಗಿ ಆನ್ ಮಾಡಿ. "ಹೆಂಡ್ತಿ ಫೋನಲ್ಲಿ ಕಾಣತ್ತೆ, ನನ್ನ ಫೋನಲ್ಲಿ ಇಲ್ಲ" ಅಂದ್ರೆ ಬಹಳಷ್ಟು ಸಲ ಇದೇ.

7. ಪ್ರತಿ ಸ್ಪೀಕರ್‌ಗೂ ಸೀಟ್ ರಿಸರ್ವ್ ಮಾಡಿ

ರೂಟರ್ ಪ್ರತಿ ಸಾಮಾನಿಗೂ ಐಪಿ ವಿಳಾಸನ ಬಾಡಿಗೆಗೆ ಕೊಡತ್ತೆ, ಡಿಎಚ್‌ಸಿಪಿ ಅಂತ ಇದಕ್ಕೆ. ಬಾಡಿಗೆ ಮುಗಿದ ಮೇಲೆ ಅಥವಾ ಕರೆಂಟ್ ಹೋಗಿ ಬಂದ ಮೇಲೆ ಬೇರೆ ವಿಳಾಸ ಸಿಗ್ಬೋದು, ಆ್ಯಪ್ ಹಳೇ ವಿಳಾಸದಲ್ಲಿ ಹುಡುಕ್ತಾ ಕೂರತ್ತೆ. ಬಸ್ಸಲ್ಲಿ ಸೀಟ್ ರಿಸರ್ವ್ ಮಾಡಿದ ಹಾಗೆ ಇಲ್ಲೂ ಮಾಡ್ಬೋದು. ಸ್ಪೀಕರ್ ಆ್ಯಪ್‌ನಲ್ಲಿ ಮ್ಯಾಕ್ ವಿಳಾಸ ಹುಡುಕಿ (ಗಾಡಿ ಚಾಸಿಸ್ ನಂಬರ್ ಥರ, ಬದಲಾಗಲ್ಲ), ರೂಟರ್‌ನ ಡಿಎಚ್‌ಸಿಪಿ ಪೇಜಲ್ಲಿ ಅಡ್ರೆಸ್ ರಿಸರ್ವೇಷನ್ ಅಂತ ಇರತ್ತೆ, ಅಲ್ಲಿ ಆ ಮ್ಯಾಕ್‌ಗೆ ಒಂದು ಐಪಿ ಕಟ್ಟಿ. ಆಮೇಲೆ ಸ್ಪೀಕರ್ ಆಫ್ ಮಾಡಿ ಆನ್ ಮಾಡಿ. ಒಂದು ಚೀಟೀಲಿ ಯಾವ ರೂಮಿಗೆ ಯಾವ ನಂಬರ್ ಅಂತ ಬರೆದು ರೂಟರ್ ಅಡಿಗೆ ಅಂಟ್ಸಿ.

8. ಎಲ್ಲಿ ಆಗತ್ತೋ ಅಲ್ಲಿ ವೈರ್ ಎಳೀರಿ

ವೈರ್‌ಲೆಸ್ ಸ್ಪೀಕರ್‌ಗೆ ವೈರ್ ಅಂದ್ರೆ ನಗ್ತೀರಿ. ಆದ್ರೆ ವೈಫೈ ಚೆನ್ನಾಗಿರ್ಬೇಕು ಅಂದ್ರೆ ವೈಫೈ ಮೇಲಿನ ಹೊರೆ ಇಳಿಸ್ಬೇಕು. ಟಿವಿ, ಡೆಸ್ಕ್‌ಟಾಪ್, ಗೇಮ್ ಬಾಕ್ಸ್ ಇವೆಲ್ಲಾ ಕದಲ್ದೆ ಕೂತಿರೋ ಸಾಮಾನು, ಇವಕ್ಕೆ ಲ್ಯಾನ್ ಕೇಬಲ್ ಕೊಟ್ರೆ ಗಾಳೀಲಿ ಜಾಗ ಸ್ಪೀಕರ್‌ಗೆ ಉಳಿಯತ್ತೆ. ಲ್ಯಾನ್ ಪೋರ್ಟ್ ಇರೋ ಸ್ಪೀಕರ್ ಆದ್ರೆ ಅದಕ್ಕೂ ಕೊಡಿ.

ಕ್ಯಾಟ್ 6 ಕೇಬಲ್ 100 ಮೀಟರ್ ತನಕ ಓಡತ್ತೆ, ಮನೆಗೆ ಬೇಕಾದಷ್ಟಾಯ್ತು. ಕೊಳ್ಳೋವಾಗ ಒಳಗೆ ಪೂರ್ತಿ ತಾಮ್ರ ಇದೆಯಾ ಕೇಳಿ, ಸಿಸಿಎ ಅಂತ ಬರೆದಿದ್ರೆ ಅದು ಅಲ್ಯೂಮಿನಿಯಮ್ ಮೇಲೆ ತಾಮ್ರದ ಲೇಪ, ಕಾಸು ಕಮ್ಮಿ, ಆಯಸ್ಸೂ ಕಮ್ಮಿ. ಎಲೆಕ್ಟ್ರಿಷಿಯನ್ ಹತ್ರ ತುದಿ ಒತ್ತಿಸಿದ್ರೆ ಎಂಟೂ ವೈರ್ ಸರಿಯಾಗಿ ಕೂತಿದೆಯಾ ನೋಡಿ. ನಾಲ್ಕೇ ವೈರ್ ಸಿಕ್ಕಿದ್ರೂ 100 ಎಂಬಿಪಿಎಸ್‌ನಲ್ಲಿ ಓಡತ್ತೆ, ಆದ್ರೆ ಗಿಗಾಬಿಟ್‌ಗೆ ಎಂಟೂ ಬೇಕು. 300ರ ಪ್ಲ್ಯಾನ್ ಹಾಕ್ಸಿ ಲ್ಯಾಪ್‌ಟಾಪಲ್ಲಿ ಬರೋಬ್ಬರಿ 94 ಬರ್ತಿದ್ರೆ ಮೊದ್ಲು ಆ ತುದಿ ಮೇಲೆ ಅನುಮಾನ ಪಡಿ.

ಹಳೇ ಸೋನೋಸ್ ಕಂಪನಿ ಸ್ಪೀಕರ್ ಇಟ್ಕೊಂಡಿರೋರಿಗೆ ಬೇರೆ ಮಾತು: ಅದರಲ್ಲಿ ಒಂದನ್ನ ವೈರ್‌ಗೆ ಹಾಕಿದ್ರೆ ಮಿಕ್ಕವು ತಮ್ಮದೇ ಒಂದು ಪ್ರತ್ಯೇಕ ಜಾಲ ಕಟ್ಕೊಳ್ಳತ್ತೆ, ಸೋನೋಸ್‌ನೆಟ್ ಅಂತ, 2.4ರಲ್ಲಿ. ಅದರ ಚಾನೆಲ್ ನಿಮ್ಮ ವೈಫೈ ಚಾನೆಲ್‌ಗಿಂತ ಬೇರೆ ಇರ್ಲಿ. ಹೊಸ ಎರಾ ಮಾಡೆಲ್‌ಗಳಲ್ಲಿ ಈ ಸೌಲಭ್ಯ ಇಲ್ಲ, ಹಳೇದು ಹೊಸದು ಬೆರೆಸೋರು ನೆನಪಿಟ್ಕೊಳ್ಳಿ.

ಕರೆಂಟ್ ವೈರಲ್ಲೇ ನೆಟ್ ಕಳಿಸೋ ಪವರ್‌ಲೈನ್ ಅಡಾಪ್ಟರ್ ಬಗ್ಗೆ ಕೇಳ್ತಾರೆ. ತ್ರೀ ಫೇಸ್ ಮನೇಲಿ ಎರಡು ರೂಮು ಬೇರೆ ಬೇರೆ ಫೇಸಲ್ಲಿದ್ರೆ ಕೈ ಕೊಡ್ಬೋದು, ಯುಪಿಎಸ್ ಲೈನ್ ಬೇರೆ ಇದ್ರೂ ಅಷ್ಟೇ. ನನಗೆ ಅದು ಕೊನೇ ದಾರಿ. ತಂದ್ರೆ ವಾಪಸ್ ತಗೊಳ್ಳೋ ಅಂಗಡಿಯಿಂದ ತನ್ನಿ.

9. ಮೆಶ್ ತಗೊಳ್ಳೋದಾದ್ರೆ

ಅಗ್ಗದ ರಿಪೀಟರ್ ಒಂದೇ ಬ್ಯಾಂಡಲ್ಲಿ ಕೇಳಿಸ್ಕೊಂಡು ಅದೇ ಬ್ಯಾಂಡಲ್ಲಿ ಮತ್ತೆ ಹೇಳತ್ತೆ, ಅರ್ಧ ಸಮಯ ಅಲ್ಲೇ ಹೋಯ್ತು. ಮೆಶ್ ಅಂದ್ರೆ ಎರಡು ಮೂರು ಡಬ್ಬ ಸೇರಿ ಒಂದೇ ವೈಫೈ ಆಗೋದು, ಇದು ವಾಸಿ. ಡಬ್ಬಗಳ ಮಧ್ಯದ ಸಂಪರ್ಕಕ್ಕೆ ಬ್ಯಾಕ್‌ಹಾಲ್ ಅಂತಾರೆ, ಅದು ವೈರಲ್ಲಿದ್ರೆ ಅದ್ಭುತ, ವೈರಿಲ್ದಿದ್ರೆ ಟ್ರೈಬ್ಯಾಂಡ್ (ಎರಡರ ಬದ್ಲು ಮೂರು ಬ್ಯಾಂಡ್ ಇರೋ) ಮಾಡೆಲ್ ನೋಡಿ. ಎರಡನೇ ಡಬ್ಬಾನ ಸಿಗ್ನಲ್ ಇಲ್ದೇ ಇರೋ ರೂಮಲ್ಲಿ ಇಡ್ಬೇಡಿ, ಅದಕ್ಕೇ ಸಿಗ್ನಲ್ ಇಲ್ಲ ಅಂದ್ರೆ ಅದು ಹಂಚೋದಾದ್ರೂ ಏನನ್ನ? ಮಧ್ಯದಾರೀಲಿ ಇಡಿ. ಮೆಶ್ ಹಾಕಿದ ಮೇಲೂ 5ನೇ ಹಂತ ಮಾಡ್ಲೇಬೇಕು, ಬಹಳಷ್ಟು ಮೆಶ್ ತಂದು ಹಾಕಿದ ತಕ್ಷಣ ಯಜಮಾನಿಕೆ ಶುರು ಮಾಡತ್ತೆ.

10. ಕರೆಂಟು

ಲೈಟು ಮಿಣುಕ್ ಅಂದು ಬಂದ್ರೂ ರೂಟರ್ ರೀಸ್ಟಾರ್ಟ್ ಆಗತ್ತೆ, ಆಮೇಲೆ ಎರಡು ಮೂರು ನಿಮಿಷ ಬೇಕು ಅದಕ್ಕೆ ಎದ್ದು ಕೂರೋಕ್ಕೆ. ಸ್ಪೀಕರ್ ಅದಕ್ಕಿಂತ ಬೇಗ ಏಳತ್ತೆ, ವಿಳಾಸ ಕೊಡೋರು ಯಾರೂ ಇಲ್ಲ, 169.254 ಅಂತ ಶುರು ಆಗೋ ಒಂದು ವಿಳಾಸನ ತಾನೇ ಇಟ್ಕೊಂಡು ಮೂಲೇಲಿ ಕೂರತ್ತೆ. ಆ ನಂಬರ್ ಎಲ್ಲಾದ್ರೂ ಕಂಡ್ರೆ ಅರ್ಥ ಅದೇ, ರೂಟರ್ ಸಿಗ್ಲಿಲ್ಲ ಅಂತ.

ಮನೇಲಿ ಇನ್ವರ್ಟರ್ ಇದ್ರೆ ಅದರ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ, ಆ ಮೋಡಲ್ಲಿ ಬೇಗ ಬದಲಾಗತ್ತೆ. ಇಲ್ಲಾಂದ್ರೆ ರೂಟರ್‌ಗೇ ಅಂತ ಸಿಗೋ ಮಿನಿ ಯುಪಿಎಸ್ ತಗೊಳ್ಳಿ. ತಗೊಳ್ಳೋ ಮುಂಚೆ ರೂಟರ್ ಅಡಾಪ್ಟರ್ ಮೇಲೆ ಓದಿ: 12 ವೋಲ್ಟಾ, 9 ವೋಲ್ಟಾ, ಎಷ್ಟು ಆಂಪು. ವೋಲ್ಟ್ ಸರಿಯಾಗಿ ಅದೇ ಇರ್ಬೇಕು, ಆಂಪು ಅಷ್ಟೇ ಅಥವಾ ಜಾಸ್ತಿ ಇರ್ಬೋದು. ಪಿನ್ನು ಸೇರತ್ತೆ ಅಂತ ಚುಚ್ಚಿ ಸುಟ್ಕೊಂಡೋರು ಇದಾರೆ. ಓಎನ್‌ಟಿ ಬೇರೆ ರೂಟರ್ ಬೇರೆ ಇದ್ರೆ ಎರಡಕ್ಕೂ ಬೇಕು, ಒಂದಕ್ಕೆ ಕೊಟ್ಟು ಪ್ರಯೋಜನ ಇಲ್ಲ.

ಎಲ್ಲಾ ಆಫ್ ಆಗಿ ಮತ್ತೆ ಹಚ್ಬೇಕಾದ್ರೆ ಈ ಕ್ರಮ: ಮೊದ್ಲು ಓಎನ್‌ಟಿ, ಅದರ ದೀಪಗಳು ಕದಲ್ದೆ ನಿಂತ ಮೇಲೆ ರೂಟರ್, ಎರಡು ನಿಮಿಷ ಬಿಟ್ಟು ಸ್ಪೀಕರ್‌ಗಳು. ಕೊನೆಗೆ ಆ್ಯಪ್ ಪೂರ್ತಿ ಮುಚ್ಚಿ ತೆಗೀರಿ.

11. ಇಷ್ಟಾದ್ರೂ ಸರಿ ಹೋಗ್ಲಿಲ್ಲ ಅಂದ್ರೆ

ಹಂತಗಳನ್ನ ಒಂದೇ ದಿನ ಒಟ್ಟಿಗೆ ಮಾಡ್ಬೇಡಿ, ಒಂದು ಬದಲಾಯಿಸಿ, ಒಂದು ದಿನ ಹಾಡು ಕೇಳಿ, ಆಮೇಲೆ ಮುಂದಿನದು. ಫ್ಯಾಕ್ಟರಿ ರೀಸೆಟ್ ಬಟನ್ ಕಡೆ ಕೈ ಹೋಗೋದು ಸಹಜ, ಆದ್ರೆ ಅದು ನೀವು ಮಾಡಿದ ರಿಸರ್ವೇಷನ್ನು ಚಾನೆಲ್ಲು ಎಲ್ಲಾ ಅಳಿಸತ್ತೆ, ಫೋನಲ್ಲಿ ಸೆಟ್ಟಿಂಗ್ಸ್ ಪೇಜ್‌ಗಳ ಫೋಟೋ ತೆಗೆದಿಟ್ಟು ಆಮೇಲೆ ಒತ್ತಿ.

ಕೊನೇ ಪರೀಕ್ಷೆ ಇದು. ಇನ್ನೊಂದು ಫೋನಲ್ಲಿ ಹಾಟ್‌ಸ್ಪಾಟ್ ಹಾಕಿ, 2.4ರಲ್ಲಿ, ಸ್ಪೀಕರ್ ಪಕ್ಕದಲ್ಲೇ ಇಡಿ, ಸ್ಪೀಕರ್‌ನ ಅದಕ್ಕೆ ಸೇರಿಸಿ ಒಂದು ಗಂಟೆ ಹಾಡು ಹಾಕಿ. ಕಟ್ ಆಗ್ದೇ ಓಡಿದ್ರೆ ಸ್ಪೀಕರ್ ಗಟ್ಟಿ ಇದೆ, ತಪ್ಪು ಮನೆ ನೆಟ್‌ವರ್ಕಲ್ಲೇ ಇದೆ, 3ನೇ ಹಂತಕ್ಕೆ ವಾಪಸ್ ಹೋಗಿ. ಹಾಟ್‌ಸ್ಪಾಟ್‌ನಲ್ಲೂ ಒಂದಡಿ ದೂರದಲ್ಲೇ ಕಟ್ ಆದ್ರೆ ಇನ್ನೊಂದು ಸ್ಪೀಕರ್‌ನ ಅದೇ ಹಾಟ್‌ಸ್ಪಾಟ್‌ಗೆ ಹಾಕಿ ನೋಡಿ, ಅದು ಸರಿಯಾಗಿ ಓಡಿದ್ರೆ ಮೊದಲನೇದರ ಒಳಗಿನ ವೈಫೈ ಕಾರ್ಡೇ ಹೋಗಿದೆ ಅಂತ ಲೆಕ್ಕ, ಬಿಲ್ಲು ಹುಡುಕಿ, ವಾರಂಟಿ ತಾರೀಕು ನೋಡಿ.